ಮಿತ್ರನ ತೋಪು, ಮನೆಯ ಕುಲುಮೆ

ಬೀದರ ಕೋಟೆಯ ಬುರುಜುಗಳ ಮೇಲಿನ ಹಳೆಯ ತೋಪುಗಳನ್ನು ಹತ್ತಿರ ಹೋಗಿ ನೋಡಿದವರಿಗೆ ಒಂದು ಸಂಗತಿ ಗೊತ್ತಾಗುತ್ತದೆ. ಅವುಗಳಲ್ಲಿ ಕೆಲವು ಒಂದೇ ಎರಕದಲ್ಲಿ ಹೊಯ್ದವಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೊಳವೆಯ ಆಕಾರದಲ್ಲಿ ಒತ್ತೊತ್ತಾಗಿ ಜೋಡಿಸಿ, ಅದರ ಮೇಲೆ ಕೆಂಪಗೆ ಕಾಯಿಸಿದ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕ ಒಂದರಂತೆ ತೊಡಿಸಲಾಗಿದೆ. ಕಾದ ಬಳೆ ಹಿಗ್ಗಿರುತ್ತದೆ; ಆರಿದಾಗ ಕುಗ್ಗಿ ಒಳಗಿನ ಪಟ್ಟಿಗಳನ್ನು ಬಿಗಿಯಾಗಿ ಅಪ್ಪಿ ಹಿಡಿಯುತ್ತದೆ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ಕಮ್ಮಾರರು ಬಂಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುತ್ತಿದ್ದುದೂ ಇದೇ ತತ್ವದಿಂದ. ಗಾಲಿಗೆ ಪಟ್ಟಿ ಹಾಕುವ ಕೈಗೂ ತೋಪು ಕಟ್ಟುವ ಕೈಗೂ ಇದ್ದ ದೂರ ಬಹಳವೇನಲ್ಲ.

ಹೀಗೆ ತೋಪು ಕಟ್ಟಿಸಬಲ್ಲವರಾಗಿದ್ದ ಬೀದರದ ಬರೀದಶಾಹಿ ಸುಲ್ತಾನರ ರಾಜ್ಯ ದೊಡ್ಡದೇನಾಗಿರಲಿಲ್ಲ. ಬಹಮನಿ ರಾಜ್ಯ ಒಡೆದು ಐದು ಹೋಳಾದಾಗ ರಾಜಧಾನಿ ಬೀದರ ಇವರ ಪಾಲಿಗೆ ಬಂತು. ಹೆಚ್ಚಿನ ನೆಲ ಇತರರ ಪಾಲಾಯಿತು. 1565ರ ಜನವರಿಯಲ್ಲಿ ತಾಳಿಕೋಟೆಯ ಯುದ್ಧ ಎಂದು ಹೆಸರಾದ ಕಾಳಗಕ್ಕೆ ವಿಜಾಪುರ, ಅಹಮದನಗರ, ಗೋಲ್ಕೊಂಡಗಳ ಜೊತೆ ಬೀದರದ ಅಲಿ ಬರೀದನೂ ಕೂಡಿಕೊಂಡ. ಆ ಮೈತ್ರಿ ಒಂದು ಯುದ್ಧದ ಮಟ್ಟಿಗಿನದು. ವಿಜಯನಗರದ ಸೈನ್ಯ ಸೋತ ಮೇಲೆ ನಾಲ್ವರೂ ತಮ್ಮ ತಮ್ಮ ದಾರಿ ಹಿಡಿದರು; ಮಿತ್ರನಾದ ಕಾರಣಕ್ಕೆ ಯಾರೂ ತಮ್ಮ ಕುಲುಮೆಯನ್ನು ಆರಿಸಬೇಕಾಗಲಿಲ್ಲ. 1619ರಲ್ಲಿ ವಿಜಾಪುರವು ಬೀದರವನ್ನು ನುಂಗಿದಾಗ ಬರೀದಶಾಹಿ ಮುಗಿಯಿತು. ಆದರೆ ಅದು ಯುದ್ಧದಲ್ಲಿ ಬಂದ ಸೋಲು.

ಸೋಲದೆಯೇ, ಗೆದ್ದವರ ಪಕ್ಷದಲ್ಲಿದ್ದುಕೊಂಡೇ, ತೋಪು ಮಾಡುವ ವಿದ್ಯೆಯನ್ನು ಕಳೆದುಕೊಳ್ಳುವುದು ಬೇರೆಯೇ ಸಂಗತಿ. ಅದು ಬೀದರ ಸೀಮೆಗೆ ಬಂದದ್ದು ನಿಜಾಮರ ಆಳ್ವಿಕೆಯಲ್ಲಿ. ಸಣ್ಣ ರಾಜ್ಯವೊಂದು ದೊಡ್ಡ ಶಕ್ತಿಯ ಜೊತೆ ಸೈನಿಕ ಒಪ್ಪಂದ ಮಾಡಿಕೊಂಡಾಗ ಅದರ ಶಸ್ತ್ರ ತಯಾರಿಕೆಯ ಗತಿ ಏನಾಗುತ್ತದೆ ಎಂಬ ಪ್ರಶ್ನೆ ಇಂದು ಯುರೋಪಿನಲ್ಲಿ ಜೋರಾಗಿ ಚರ್ಚೆಯಾಗುತ್ತಿದೆ. ಬೀದರದ ಜನ ಉತ್ತರ ಹುಡುಕಿಕೊಂಡು ಅಷ್ಟು ದೂರ ಹೋಗಬೇಕಾಗಿಲ್ಲ.

ತೋಪಿನ ಸಾಂಚಾ

ಹೈದರಾಬಾದಿನ ಆಬಿಡ್ಸ್ ಬಳಿ ಗನ್‌ಫೌಂಡ್ರಿ ಎಂಬ ಬಡಾವಣೆ ಇದೆ. ಉರ್ದುವಿನಲ್ಲಿ ಅದಕ್ಕೆ ‘ತೋಪ್ ಕಾ ಸಾಂಚಾ’ ಎನ್ನುತ್ತಾರೆ. ಸಾಂಚಾ ಎಂದರೆ ಎರಕದ ಅಚ್ಚು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಎರಡನೆಯ ನಿಜಾಮ ಅಲಿಖಾನನ ಚಾಕರಿಯಲ್ಲಿದ್ದ ಫ್ರೆಂಚ್ ಸೇನಾನಿ ಮಿಶೆಲ್ ರೇಮಂಡ್ ಇಲ್ಲಿ ತೋಪುಗಳನ್ನು ಎರಕ ಹೊಯ್ಯಿಸುತ್ತಿದ್ದ. ಊರಿನ ಜನ ಅವನನ್ನು ಮೂಸಾ ರಹೀಮ್ ಎಂದು ಕರೆದರು. ಮೂಸಾರಾಮಬಾಗ್ ಎಂಬ ಹೆಸರಿನಲ್ಲಿ ಅವನ ನೆನಪು ಈಗಲೂ ಇದೆ.

1795ರ ಮಾರ್ಚ್‌ನಲ್ಲಿ ಖರ್ಡಾ ಎಂಬಲ್ಲಿ ನಿಜಾಮನು ಮರಾಠರಿಗೆ ಸೋತ. ಆ ಹೊತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನ ನೆರವಿಗೆ ಬರಲಿಲ್ಲ. ಮುನಿದ ನಿಜಾಮ ರೇಮಂಡನ ಪಡೆಯನ್ನು ಬೆಳೆಸಿದ. ಅದೇ ವರ್ಷ ನಿಜಾಮನ ಮಗ ಅಲಿ ಜಾ ದಂಗೆಯೆದ್ದು ಬೀದರದ ಕೋಟೆಯನ್ನೇ ಹಿಡಿದುಕೊಂಡಾಗ, ಅವನನ್ನು ಬೆನ್ನಟ್ಟಿ ಅಡಗಿಸಿದ್ದು ಈ ಪಡೆಯೇ. ಹತ್ತು ಸಾವಿರಕ್ಕೂ ಮಿಕ್ಕ ಕವಾಯತು ಕಲಿತ ಸಿಪಾಯಿಗಳು, ತನ್ನದೇ ಎರಕದ ಮನೆ, ತನ್ನದೇ ತೋಪುಗಳು ನಿಜಾಮನ ಬಳಿ ಆಗ ಇದ್ದವು.

ಕಂಪನಿಗೆ ಇದು ಸಹನೆಯಾಗಲಿಲ್ಲ. 1798ರ ಮಾರ್ಚ್‌ನಲ್ಲಿ ರೇಮಂಡ್ ತೀರಿಕೊಂಡ. ಸೆಪ್ಟೆಂಬರ್ 1ರಂದು ನಿಜಾಮನು ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಗೆ ರುಜು ಹಾಕಿದ. ಶಾಲೆಯ ಪಾಠಪುಸ್ತಕದಲ್ಲಿ ಈ ಪದ್ಧತಿಯ ಕುರಿತು ನಾಲ್ಕು ಸಾಲು ಓದಿ ಪರೀಕ್ಷೆ ಬರೆದವರೇ ಎಲ್ಲರೂ. ಅದರ ಒಳಗಿನ ಲೆಕ್ಕ ನೋಡಬೇಕು. ಕಂಪನಿಯ 6 ಪಲಟಣಗಳು ಹೈದರಾಬಾದಿನಲ್ಲಿ ಇರುತ್ತವೆ. ಅದಕ್ಕಾಗಿ ನಿಜಾಮ ವರ್ಷಕ್ಕೆ 24,17,100 ರೂಪಾಯಿ ಕೊಡಬೇಕು. ಫ್ರೆಂಚರ ಪಡೆಯನ್ನು ವಿಸರ್ಜಿಸಬೇಕು. ಅಕ್ಟೋಬರ್ 22ರಂದು ಕಂಪನಿಯ ಸೈನ್ಯ ಸುತ್ತುವರಿದು ನಿಂತಾಗ ರೇಮಂಡನ ಪಡೆ ಆಯುಧ ಕೆಳಗಿಟ್ಟಿತು. ಒಂದು ಗುಂಡೂ ಹಾರಲಿಲ್ಲ. ತೋಪು ಹೊಯ್ಯುವ ಬೆಂಕಿಯೂ ಆರಿತು; ಬಡಾವಣೆಗೆ ಹೆಸರಷ್ಟೇ ಉಳಿಯಿತು.

ಇದು ಸಣ್ಣ ರಾಜ್ಯವನ್ನು ಕಟ್ಟುವ ಮೊದಲನೆಯ ಹಗ್ಗ. ಅದರ ಹೆಸರು ಅಪ್ಪಣೆ. ನೀನು ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು, ಯಾರ ಜೊತೆ ಮಾತಾಡಬೇಕು, ಏನು ಮಾಡಬೇಕು ಎಂಬುದನ್ನು ಮಿತ್ರನನ್ನು ಕೇಳಿ ಮಾಡು ಎಂಬ ಷರತ್ತು. ಎರಡನೆಯ ಹಗ್ಗ ಹಣ. 1800ರ ಅಕ್ಟೋಬರ್‌ನಲ್ಲಿ ಇನ್ನೊಂದು ಒಪ್ಪಂದವಾಗಿ ಸಹಾಯಕ ಸೈನ್ಯ ಇನ್ನಷ್ಟು ಬೆಳೆಯಿತು. ಅದರ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ಅವನ್ನೇ ‘ದತ್ತ ಮಂಡಲ’ ಎಂದು ಕರೆದದ್ದು. ಮುಂದೆ ಕಂಪನಿಯ ಅಧಿಕಾರಿಗಳ ಕೈಕೆಳಗಿನ ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಇನ್ನೊಂದು ಸೈನ್ಯದ ಸಂಬಳವೂ ನಿಜಾಮನ ಬೊಕ್ಕಸದ ಮೇಲೆ ಬಿತ್ತು. ಸಂಬಳಕ್ಕೆ ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿಗೆ ಮತ್ತೆ ಸಾಲ. ನಲವತ್ತು ಲಕ್ಷ ರೂಪಾಯಿಗೂ ಮಿಕ್ಕ ಸಾಲದ ಹೆಸರಿನಲ್ಲಿ 1853ರಲ್ಲಿ ವರ್ಹಾಡ, ಧಾರಾಶಿವ ಸೀಮೆಗಳ ಜೊತೆ ರಾಯಚೂರು ದೋಆಬವೂ ಕಂಪನಿಯ ಆಡಳಿತಕ್ಕೆ ಹೋಯಿತು. ದೋಆಬ ಹಾಗೂ ಧಾರಾಶಿವ 1860ರಲ್ಲಿ ತಿರುಗಿ ಬಂದವು, ವರ್ಹಾಡ ಬರಲಿಲ್ಲ.

ಬೇರೆಯವರ ಸೈನ್ಯಕ್ಕೆ ಸಂಬಳ ಕೊಟ್ಟು ಸುಸ್ತಾದ ಬೊಕ್ಕಸದಲ್ಲಿ ಸ್ವಂತ ಕಾರ್ಖಾನೆಗೆ ಏನು ಉಳಿದೀತು? ಕೆಲಸವಿಲ್ಲದ ವಿದ್ಯೆ ಒಂದು ತಲೆಮಾರಿನೊಳಗೆ ಮರೆತುಹೋಗುತ್ತದೆ. ತೋಪಿನ ಅಚ್ಚು ಮಾಡುವುದನ್ನು ಪುಸ್ತಕ ಓದಿ ಕಲಿಯಲಾಗದು. ಮಗ ಅಪ್ಪನ ಪಕ್ಕದಲ್ಲಿ ನಿಂತು ಕಲಿಯಬೇಕು. ಬೀದರದಲ್ಲಿ ಬಿದ್ರಿ ಕೆಲಸ ಇಂದಿಗೂ ಜೀವಂತವಾಗಿದೆ, ಏಕೆಂದರೆ ಹುಕ್ಕಾ, ಹೂಜಿ, ಹೂದಾನಿಗಳನ್ನು ಕೊಳ್ಳುವವರು ಯಾವ ಕಾಲಕ್ಕೂ ಇದ್ದರು. ತೋಪು ಕೊಳ್ಳುವ ದೊರೆ ಇಲ್ಲವಾದ ಮೇಲೆ ತೋಪಿನ ಕಮ್ಮಾರ ಯಾರಿಗಾಗಿ ಮಾಡಬೇಕು?

ಒಪ್ಪಂದಕ್ಕೆ ಒಪ್ಪದವನ ಗತಿಯೂ ಸುಖದ್ದಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಮೈಸೂರಿನ ಟಿಪ್ಪು ಸುಲ್ತಾನ ಸಹಾಯಕ ಸೈನ್ಯವನ್ನು ಒಲ್ಲೆನೆಂದು ಫ್ರೆಂಚರ ಮೈತ್ರಿ ಬಯಸಿದ. ಅವನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಆ ಕಾಲಕ್ಕೆ ಜಗತ್ತಿನಲ್ಲೇ ಮುಂದಿದ್ದವು. ಆದರೆ ದೂರದ ಮಿತ್ರನಿಂದ ಬಂದದ್ದು ಮಾರಿಷಸ್ ದ್ವೀಪದ ನೂರು ಮಂದಿಯಷ್ಟು ಸ್ವಯಂಸೇವಕರು ಮಾತ್ರ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮುತ್ತಿದವರ ಸಾಲಿನಲ್ಲಿ ಕಂಪನಿಯ ಹೊಸ ಮಿತ್ರ ನಿಜಾಮನ ಸೈನ್ಯವೂ ಇತ್ತು. ಅಲ್ಲಿ ಸಿಕ್ಕ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಕೆಲವೇ ವರ್ಷಗಳಲ್ಲಿ ವಿಲಿಯಂ ಕಾಂಗ್ರೀವ್ ವೂಲಿಚ್‌ನಲ್ಲಿ ಅವನ್ನು ಸುಧಾರಿಸಿ ತಯಾರಿಸತೊಡಗಿದ. ಕುಲುಮೆ ಇದ್ದೂ ಮಿತ್ರರಿಲ್ಲದವನು ಹೀಗಾದ. ಮಿತ್ರನಿದ್ದೂ ಕುಲುಮೆ ಕಳೆದುಕೊಂಡವನು ಹಾಗಾದ. ಆದ್ದರಿಂದ ಮೈತ್ರಿ ಬೇಕೋ ಬೇಡವೋ ಎಂಬುದಕ್ಕಿಂತ, ಮೈತ್ರಿಯ ಬೆಲೆಯಾಗಿ ಏನನ್ನು ಕೊಡುತ್ತೇವೆ, ಏನನ್ನು ಕೇಳಿ ಪಡೆಯುತ್ತೇವೆ ಎಂಬುದೇ ಮುಖ್ಯ.

ಒಬ್ಬನೇ ಒಡೆಯ, ಎರಡು ಸಂಸ್ಥಾನ

ಟಿಪ್ಪುವಿನ ನಂತರ ಮೈಸೂರೂ ಅದೇ ಪದ್ಧತಿಯೊಳಗೆ ಬಂತು. ಒಡೆಯರ ಸಂಸ್ಥಾನ ವರ್ಷಕ್ಕೆ 7 ಲಕ್ಷ ವರಹ ತೆರಬೇಕೆಂದು 1799ರ ಒಪ್ಪಂದದಲ್ಲೇ ಬರೆಯಲಾಯಿತು. ಹೀಗೆ ಹೈದರಾಬಾದ ಮತ್ತು ಮೈಸೂರು ಒಂದೇ ಶಕ್ತಿಯ ಅಡಿಯ ಎರಡು ಮಿತ್ರರಾದವು. ಒಂದು ಶತಮಾನ ಕಳೆದ ಮೇಲೆ ಆಯುಧದ ವಿಷಯದಲ್ಲಿ ಇವೆರಡೂ ಹಿಡಿದ ದಾರಿಗಳನ್ನು ಹೋಲಿಸಿದರೆ ಬಹಳ ಕಲಿಯಬಹುದು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೈದರಾಬಾದಿನ ನಿಜಾಮ ಬ್ರಿಟನ್ನಿಗೆ ಧಾರಾಳವಾಗಿ ಹಣ ಕೊಟ್ಟ. ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್ನಿನ ಡಿ.ಎಚ್. 9ಎ ವಿಮಾನಗಳು ಅವನ ಕೊಡುಗೆ. ಅದಕ್ಕಾಗಿ ಆ ದಳಕ್ಕೆ ‘ಹೈದರಾಬಾದ್ ಸ್ಕ್ವಾಡ್ರನ್’ ಎಂದೇ ಹೆಸರಾಯಿತು. 1918ರಲ್ಲಿ ನಿಜಾಮನಿಗೆ ‘ಬ್ರಿಟಿಷ್ ಸರ್ಕಾರದ ನಂಬಿಗಸ್ತ ಮಿತ್ರ’ ಎಂಬ ಬಿರುದೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನಗಳ 152ನೆಯ ಸ್ಕ್ವಾಡ್ರನ್ನಿಗೂ ಹೈದರಾಬಾದಿನ ಹೆಸರು ಸೇರಿತು. ವಿಮಾನಗಳು ಇಂಗ್ಲೆಂಡಿನಲ್ಲಿ ತಯಾರಾದವು, ಬ್ರಿಟನ್ನಿನ ಯುದ್ಧಕ್ಕಾಗಿ ಹಾರಿದವು. ಹೈದರಾಬಾದಿಗೆ ಉಳಿದದ್ದು ಹೆಸರು.

ಮೈಸೂರು ಸಂಸ್ಥಾನ ಬೇರೆ ಲೆಕ್ಕ ಹಾಕಿತು. ಅಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಿಂದ ಹರಿಯುತ್ತಿತ್ತು. ಬೆಂಗಳೂರಿನಲ್ಲಿ ಟಾಟಾ ವಿಜ್ಞಾನ ಸಂಸ್ಥೆ ಇತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು. ಉದ್ಯಮಿ ವಾಲಚಂದ್ ಹೀರಾಚಂದ್ ವಿಮಾನದ ಕಾರ್ಖಾನೆ ಕಟ್ಟಲು ಜಾಗ ಹುಡುಕುತ್ತಿದ್ದಾಗ, ದಿವಾನ ಮಿರ್ಜಾ ಇಸ್ಮಾಯಿಲರ ಸರ್ಕಾರ 25 ಲಕ್ಷ ರೂಪಾಯಿ ಬಂಡವಾಳವನ್ನೂ 700 ಎಕರೆ ನೆಲವನ್ನೂ ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಮುಂದಿನ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ 25 ಲಕ್ಷ ಹಾಕಿ ಮೂರನೆಯ ಪಾಲುದಾರನಾಯಿತು. ಯಂತ್ರಗಳೂ ತಜ್ಞರೂ ವಿಲಿಯಂ ಪಾಲಿ ಎಂಬ ಅಮೆರಿಕನ್ನನ ಮೂಲಕ ಬಂದರು. 1941ರ ಆಗಸ್ಟ್‌ನಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಹಾರಿತು. 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿತು.

ಯುದ್ಧಕ್ಕೆ ಮೊದಲು ಇಂಥ ಕಾರ್ಖಾನೆಗೆ ಆಸ್ಪದವಿರಲಿಲ್ಲ. ಜಪಾನಿನ ಭಯ, ಸಮುದ್ರದ ದಾರಿಯ ಅಪಾಯ ಎರಡೂ ಸೇರಿದಾಗ ಮಿತ್ರನಿಗೇ ಅದರ ಅಗತ್ಯ ಬಿತ್ತು. ಅಗತ್ಯ ಬಿದ್ದಾಗ ಅಪ್ಪಣೆಯ ಹಗ್ಗ ಸಡಿಲವಾಗುತ್ತದೆ. ಆ ಕ್ಷಣವನ್ನು ಕಾದು ಹಿಡಿಯುವುದೇ ಸಣ್ಣ ರಾಜ್ಯದ ಜಾಣತನ. ಹಾಗೆಂದು ಮೈಸೂರಿಗೂ ಎಲ್ಲವೂ ಸಲೀಸಾಗಲಿಲ್ಲ. 1942ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಮೈಸೂರು ತನ್ನ ಪಾಲನ್ನು ಮಾರಲಿಲ್ಲ, ಆದರೆ ಆಡಳಿತದಲ್ಲಿ ಅದರ ಮಾತು ನಡೆಯಲಿಲ್ಲ. ಹೊಸ ವಿಮಾನ ಕಟ್ಟುವ ಕೆಲಸ ಬದಿಗೆ ಸರಿದು ರಿಪೇರಿಗೆ ಆದ್ಯತೆ ಬಂತು. 1943ರಲ್ಲಿ ಕಾರ್ಖಾನೆಯನ್ನೇ ಅಮೆರಿಕದ ವಾಯುಪಡೆಗೆ ಒಪ್ಪಿಸಲಾಯಿತು. ಮಿತ್ರನಿಗೆ ಬೇಕಾದದ್ದು ರಿಪೇರಿಯ ಮನೆ, ಆದ್ದರಿಂದ ಕಾರ್ಖಾನೆ ರಿಪೇರಿಯ ಮನೆಯಾಯಿತು.

ಆದರೂ ಯುದ್ಧ ಮುಗಿದಾಗ ಕಟ್ಟಡ ಉಳಿಯಿತು, ಲೇತು ಉಳಿಯಿತು, ಎಲ್ಲಕ್ಕಿಂತ ಹೆಚ್ಚಾಗಿ ಕೆಲಸ ಕಲಿತ ಕೈಗಳು ಉಳಿದವು. ಸಾವಿರಾರು ಎಂಜಿನುಗಳನ್ನು ಬಿಚ್ಚಿ ಜೋಡಿಸಿದವನಿಗೆ ಅದರ ಒಳಗುಟ್ಟು ತಿಳಿಯದೆ ಇರುತ್ತದೆಯೇ? 1942ರ ಕೊನೆಯಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ತಂತ್ರಜ್ಞಾನದ ವಿಭಾಗ ಶುರುವಾಯಿತು. ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1964ರ ಸೆಪ್ಟೆಂಬರ್ 4ರಂದು ‘ಕಿರಣ್’ ಜೆಟ್ ತರಬೇತಿ ವಿಮಾನ ಹಾರಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಕೆಸರಿನ ಬದಲು ಎಂಜಿನ್ ಎಣ್ಣೆ ಎನ್ನಬಹುದು.

ಕತ್ತಲೆಯಲ್ಲಿ ಇಳಿದ ವಿಮಾನಗಳು

ಹೈದರಾಬಾದಿನ ಲೆಕ್ಕ ಚುಕ್ತಾ ಆದದ್ದು 1948ರಲ್ಲಿ, ಅದೂ ಬೀದರದ ನೆಲದ ಮೇಲೆ. 1947ರ ಆಗಸ್ಟ್ 15ರಂದು ಬ್ರಿಟಿಷರ ಪರಮಾಧಿಕಾರ ಮುಗಿದೊಡನೆ ‘ನಂಬಿಗಸ್ತ ಮಿತ್ರ’ನ ಕೈ ಬರಿದಾಯಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ಸೈನಿಕರಿದ್ದರು. ಅವರಿಗೆ ಕೊಡಲು ಸಾಕಷ್ಟು ಬಂದೂಕಿಲ್ಲ, ಗುಂಡಿಲ್ಲ. ಸಂಸ್ಥಾನದ ಪಡೆಗಳಿಗೆ ಆಯುಧ ಬರುತ್ತಿದ್ದದ್ದು ಬ್ರಿಟಿಷ್ ಭಾರತದ ಉಗ್ರಾಣಗಳಿಂದ. ಆ ಉಗ್ರಾಣಗಳ ಬೀಗದ ಕೈ ಈಗ ದಿಲ್ಲಿಯಲ್ಲಿತ್ತು. ಬ್ರಿಟನ್ ಕೈ ಚೆಲ್ಲಿತು. ನೂರೈವತ್ತು ವರ್ಷ ಎರಡು ಮಹಾಯುದ್ಧಗಳ ಖರ್ಚಿಗೂ ಹಣ ಸುರಿದ ಸಂಸ್ಥಾನದೊಳಗೆ ದೊಡ್ಡದೊಂದು ಆಯುಧ ಕಾರ್ಖಾನೆ ಇರಲಿಲ್ಲ.

ಆಗ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವಿಮಾನ ಚಾಲಕ ಮುಂದೆ ಬಂದ. ಲ್ಯಾಂಕಾಸ್ಟ್ರಿಯನ್ ಎಂಬ ದೊಡ್ಡ ವಿಮಾನಗಳಲ್ಲಿ ಕರಾಚಿಯಿಂದ ಆಯುಧ ತುಂಬಿಕೊಂಡು, ರಾತ್ರಿಯ ಕತ್ತಲೆಯಲ್ಲಿ ಭಾರತದ ಆಕಾಶ ದಾಟಿ, ಬೀದರ ಮತ್ತು ವರಂಗಲ್‌ನ ವಿಮಾನ ನಿಲ್ದಾಣಗಳಲ್ಲಿ ಇಳಿಸಲಾಯಿತು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ಹಿರಿಯರು ಗೇಲಿ ಮಾಡುವುದು ಇಂಥದ್ದನ್ನೇ. ಕಳ್ಳದಾರಿಯಲ್ಲಿ ಬಂದ ಪೆಟ್ಟಿಗೆಗಳಿಂದ ಸೈನ್ಯ ಕಟ್ಟಲಾಗದು. ಬಂದೂಕಿನ ಜೊತೆ ಬಿಡಿಭಾಗ ಬೇಕು, ಗುಂಡು ಬೇಕು, ಕೆಟ್ಟರೆ ಸರಿಮಾಡುವ ಕಾರ್ಯಾಗಾರ ಬೇಕು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು. ಬೀದರ, ವರಂಗಲ್ ನಿಲ್ದಾಣಗಳ ಮೇಲೆ ಟೆಂಪೆಸ್ಟ್ ವಿಮಾನಗಳು ಬಾಂಬು ಹಾಕಿದವು. 17ರಂದು ನಿಜಾಮ ಶರಣಾದ. ಕಾಟನ್‌ಗೆ ಮುಂದೆ ಲಂಡನ್ನಿನ ನ್ಯಾಯಾಲಯ 200 ಪೌಂಡ್ ದಂಡ ಹಾಕಿತು.

ಸಂಸ್ಥಾನದ ಆಯುಧ ಬಡತನದಿಂದ ಬೀದರ ಜಿಲ್ಲೆಯ ಜನರಿಗೆ ಒಳ್ಳೆಯದೇ ಆಯಿತು. ಐದೇ ದಿನಗಳಲ್ಲಿ ವಿಮೋಚನೆ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ನೆನೆಯುವ ಮನೆತನಗಳು ಇಂದಿಗೂ ಇವೆ. ಆ ಪಡೆಗಳಿಗೆ ಇನ್ನಷ್ಟು ಆಯುಧ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಊಹಿಸಿದರೆ ಮೈ ನಡುಗುತ್ತದೆ. ಆದರೆ ಪಾಠ ಪಾಠವೇ. ಆಳುವವನು ಒಳ್ಳೆಯವನಿರಲಿ ಕೆಟ್ಟವನಿರಲಿ, ಎರವಲು ಆಯುಧದ ನಿಯಮ ಬದಲಾಗುವುದಿಲ್ಲ. ಮಿತ್ರ ಎದ್ದು ಹೋದ ದಿನ ಆಯುಧವೂ ಎದ್ದು ಹೋಗುತ್ತದೆ.

ಮೂರು ಮಿಲಿಮೀಟರಿನ ಮಹಿಮೆ

ಇಂದಿನ ಮೈತ್ರಿಕೂಟಗಳು ವೆಲ್ಲೆಸ್ಲಿಯ ಕಾಲದವಲ್ಲ. 1949ರಲ್ಲಿ ಹುಟ್ಟಿದ ನ್ಯಾಟೊ ಕೂಟದಲ್ಲಿ ಸಣ್ಣ ದೇಶಕ್ಕೂ ಒಂದು ಮಾತು ಇದೆ. ಎಲ್ಲರೂ ಒಪ್ಪಿದರೆ ಮಾತ್ರ ನಿರ್ಣಯ. ಅಲ್ಲಿ ಅಪ್ಪಣೆಯ ಹಗ್ಗ ಕಣ್ಣಿಗೆ ಕಾಣುವುದಿಲ್ಲ. ಅದರ ಬದಲು ಮೂರನೆಯದೊಂದು ಹಗ್ಗವಿದೆ, ಅದು ಅಳತೆ. ಮಿತ್ರರೆಲ್ಲ ಒಂದೇ ಕಡೆ ಹೋರಾಡಬೇಕಾದರೆ ಒಬ್ಬನ ಗುಂಡು ಇನ್ನೊಬ್ಬನ ತೋಪಿಗೆ ಕೂಡಬೇಕು. ನ್ಯಾಟೊ ದೇಶಗಳ ದೊಡ್ಡ ತೋಪಿನ ಕೊಳವೆಯ ಒಳವ್ಯಾಸ 155 ಮಿಲಿಮೀಟರ್. ಸೋವಿಯತ್ ಪಾಳೆಯದ ವಾರ್ಸಾ ಕೂಟದಲ್ಲಿ ಅದು 152. ವ್ಯತ್ಯಾಸ ಮೂರೇ ಮಿಲಿಮೀಟರ್, ಸುಮಾರು ಮೂವತ್ತು ಹಾಳೆ ಕಾಗದದ ದಪ್ಪ. ಆದರೆ ಆ ಮೂರು ಮಿಲಿಮೀಟರಿನಿಂದ ಕಾರ್ಖಾನೆಯ ಅಚ್ಚು, ಗುಂಡು, ಉಗ್ರಾಣ, ಕೊಳ್ಳುವ ಗಿರಾಕಿ ಎಲ್ಲವೂ ಬೇರೆಯಾಗುತ್ತವೆ.

ಚೆಕೊಸ್ಲೊವಾಕಿಯಾದ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ವಾರ್ಸಾ ಕೂಟವು 1961ರಲ್ಲಿ ಚೆಕ್ಕರ ಎಲ್-29 ವಿಮಾನವನ್ನು ತನ್ನ ಸಾಮಾನ್ಯ ಜೆಟ್ ತರಬೇತಿ ವಿಮಾನವೆಂದು ಆರಿಸಿತು. ಪುಟ್ಟ ದೇಶಕ್ಕೆ ರಷ್ಯಾದಂಥ ಗಿರಾಕಿ ಸಿಕ್ಕಿದ. ಅನಂತರ ಬಂದ ಎಲ್-39 ಮಾದರಿಯಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ವಿಮಾನ ತಯಾರಾದವು. ಅದೇ ಕೂಟದಲ್ಲಿದ್ದ ಪೋಲೆಂಡ್ ಆ ಆಯ್ಕೆಗೆ ಒಪ್ಪದೆ ತನ್ನದೇ ‘ಇಸ್ಕ್ರಾ’ ವಿಮಾನವನ್ನು ಮಾಡಿಕೊಂಡಿತು. ಭಾರತೀಯ ವಾಯುಪಡೆಯೂ ಅದನ್ನು ಕೊಂಡು ತರಬೇತಿಗೆ ಬಳಸಿತ್ತು. 1991ರಲ್ಲಿ ವಾರ್ಸಾ ಕೂಟ ಮುಗಿದಾಗ ಚೆಕ್ಕರ ದೊಡ್ಡ ಗಿರಾಕಿ ಮಾಯವಾದ. ಸ್ಲೊವಾಕಿಯಾದ ಮಾರ್ಟಿನ್ ಪಟ್ಟಣದಲ್ಲಿ ಸೋವಿಯತ್ ಮಾದರಿಯ ಟ್ಯಾಂಕು ಮಾಡುತ್ತಿದ್ದ ಕಾರ್ಖಾನೆಯ ಕೆಲಸಗಾರರು ಬೀದಿಗೆ ಬಿದ್ದರು. ಸ್ಲೊವಾಕರು ತಮ್ಮ 152 ಮಿಲಿಮೀಟರಿನ ‘ಡಾನಾ’ ತೋಪಿಗೆ 155ರ ಕೊಳವೆ ಕೂಡಿಸಿ ‘ಜುಜಾನಾ’ ಎಂಬ ಹೊಸ ತೋಪು ಮಾಡಿದರು. ಗಿರಾಕಿಯ ಅಳತೆ ಬದಲಾದರೆ ದರ್ಜಿಯ ಕತ್ತರಿಯೂ ಬದಲಾಗಬೇಕು ಎಂಬುದಷ್ಟೇ ಅದರ ಅರ್ಥ.

ಅಳತೆಯನ್ನೇ ಅನುಕೂಲ ಮಾಡಿಕೊಂಡ ಸಣ್ಣ ದೇಶವೂ ಇದೆ. ಬೆಲ್ಜಿಯಂ ಹೆಚ್ಚುಕಡಿಮೆ ಕರ್ನಾಟಕದ ಆರನೆಯ ಒಂದು ಪಾಲಿನಷ್ಟು ವಿಸ್ತೀರ್ಣದ ದೇಶ. ಅಲ್ಲಿಯ ಹೆರ್ಸ್ಟಾಲ್ ಎಂಬ ಊರಿನ ಎಫ್.ಎನ್. ಕಾರ್ಖಾನೆ ರೂಪಿಸಿದ 5.56 ಮಿಲಿಮೀಟರಿನ ಗುಂಡು 1980ರಲ್ಲಿ ನ್ಯಾಟೊದ ಪ್ರಮಾಣವಾಯಿತು. ದೊಡ್ಡ ದೇಶಗಳೂ ಸಣ್ಣ ದೇಶದ ಅಳತೆಗೆ ಗುಂಡು ಮಾಡತೊಡಗಿದವು.

ಒಟ್ಟಾಗಿ ಚೌಕಾಶಿ ಮಾಡಿದ ಉದಾಹರಣೆ ಇನ್ನೂ ಸ್ವಾರಸ್ಯದ್ದು. 1975ರಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆಗಳು ಹೊಸ ಯುದ್ಧವಿಮಾನ ಕೊಳ್ಳಬೇಕಾಗಿತ್ತು. ಒಬ್ಬೊಬ್ಬರೇ ಹೋಗಿದ್ದರೆ ಅಂಗಡಿಯವನು ಹೇಳಿದ ಬೆಲೆ ಕೊಟ್ಟು ಬರಬೇಕಿತ್ತು. ನಾಲ್ವರೂ ಕೂಡಿ ಅಮೆರಿಕದ ಎಫ್-16 ವಿಮಾನವನ್ನು ಆರಿಸಿ ಒಟ್ಟು 348 ಕೊಂಡರು. ಬೆಲ್ಜಿಯಂ 116, ನೆದರ್ಲೆಂಡ್ಸ್ 102, ನಾರ್ವೆ 72, ಡೆನ್ಮಾರ್ಕ್ 58. ತಾವು ಕೊಳ್ಳುವ ವಿಮಾನಗಳ ಮೌಲ್ಯದ 40 ಶೇಕಡಾ ಕೆಲಸ ತಮ್ಮ ದೇಶಗಳಿಗೇ ಬರಬೇಕು. ಅಮೆರಿಕದ ವಾಯುಪಡೆ ಕೊಳ್ಳುವ 650 ವಿಮಾನಗಳಲ್ಲಿ 10 ಶೇಕಡಾ, ಬೇರೆ ದೇಶಗಳಿಗೆ ಮಾರುವವುಗಳಲ್ಲಿ 15 ಶೇಕಡಾ ಕೆಲಸವೂ ತಮಗೇ ಬರಬೇಕೆಂದು ಕರಾರು ಮಾಡಿಸಿಕೊಂಡರು. ಮಿತ್ರನ ವಿಮಾನವನ್ನೂ ತಂದರು, ಮನೆಯ ಲೇತಿಗೂ ಕೆಲಸ ತಂದರು.

ಕೂಟದ ಹೊರಗೆ ನಿಂತವರ ಪಾಡು? ಸ್ವೀಡನ್ 2024ರ ಮಾರ್ಚ್‌ನಲ್ಲಿ ನ್ಯಾಟೊ ಸೇರುವವರೆಗೆ ತಟಸ್ಥ ನೀತಿಯ ಹಾಗೂ ಕೂಟಗಳ ಹೊರಗಿದ್ದ ದೇಶ. ಯಾರ ಹಂಗೂ ಬೇಡವೆಂದು ತನ್ನ ಯುದ್ಧವಿಮಾನಗಳನ್ನು ತಾನೇ ಕಟ್ಟಿತು. 1988ರಲ್ಲಿ ಹಾರಿದ ಅದರ ‘ಗ್ರಿಪೆನ್’ ಜಗತ್ತಿನ ಒಳ್ಳೆಯ ವಿಮಾನಗಳಲ್ಲೊಂದು. ಆದರೆ ಅದರ ಎಂಜಿನಿನ ಮೂಲ ಅಮೆರಿಕದ ಎಫ್-404. ಪೂರ್ತಿ ಸ್ವಾವಲಂಬನೆ ಎಂಬುದು ಶ್ರೀಮಂತ ಸ್ವೀಡನ್ನಿಗೂ ದಕ್ಕಲಿಲ್ಲ.

ಬೀದರದ ಆಕಾಶ

ಅದೇ ಎಫ್-404 ಕುಟುಂಬದ ಎಂಜಿನ್ ಬೆಂಗಳೂರಿನ ‘ತೇಜಸ್’ ವಿಮಾನದಲ್ಲೂ ಇದೆ. ಭಾರತ ಯಾವ ಸೈನಿಕ ಕೂಟಕ್ಕೂ ಸೇರದ ದೇಶ. ಆದರೂ 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ನಡೆದಾಗ ಅಮೆರಿಕ ನಿರ್ಬಂಧ ಹೇರಿತು. ತೇಜಸ್ಸಿನ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ತಂತ್ರಜ್ಞರು ಮರಳಿ ಬರಬೇಕಾಯಿತು. ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿದರು. 2001ರ ಜನವರಿ 4ರಂದು ತೇಜಸ್ ಹಾರಿತು. ಬಾಗಿಲು ಮುಚ್ಚಿದಾಗ ಮುಂದುವರಿಸಲು ಮನೆಯಲ್ಲಿ ಆ ವಿದ್ಯೆ ಬಲ್ಲವರಿದ್ದರು. 1948ರ ಹೈದರಾಬಾದಿಗೂ 1998ರ ಬೆಂಗಳೂರಿಗೂ ಇರುವ ಅಂತರ ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ.

ಆ ಅಂತರ ಬೀದರದ ಜನರ ತಲೆಯ ಮೇಲೆಯೇ ಹಾರಾಡುತ್ತದೆ. ಕಳ್ಳ ಆಯುಧಗಳು ಇಳಿದಿದ್ದ ಊರು ಇಂದು ಯುದ್ಧವಿಮಾನ ಚಾಲಕರ ತರಬೇತಿಯ ಕೇಂದ್ರ. ಬೆಂಗಳೂರಿನಲ್ಲೇ ಹುಟ್ಟಿದ ಕಿರಣ್ ವಿಮಾನಗಳ ‘ಸೂರ್ಯಕಿರಣ’ ಪ್ರದರ್ಶನ ತಂಡ 1996ರಲ್ಲಿ ರೂಪುಗೊಂಡದ್ದು ಬೀದರದಲ್ಲಿ. 2004ರ ಮಾರ್ಚ್‌ನಲ್ಲಿ ಭಾರತ ಬ್ರಿಟನ್ನಿನಿಂದ 66 ‘ಹಾಕ್’ ಜೆಟ್ ತರಬೇತಿ ವಿಮಾನಗಳಿಗೆ ಕರಾರು ಮಾಡಿಕೊಂಡಿತು. 24 ಬ್ರಿಟನ್ನಿನಲ್ಲಿ, ಉಳಿದ 42 ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾಗಬೇಕೆಂಬುದು ಅದರ ಮುಖ್ಯ ಅಂಶ. 2008ರ ಫೆಬ್ರುವರಿಯಲ್ಲಿ ಅವು ಬೀದರದಲ್ಲಿ ಸೇವೆಗೆ ಸೇರಿದವು. 1942ರಲ್ಲಿ ಹಾಕ್ ಎಂಬ ಹೆಸರಿನ ಬೇರೊಂದು ವಿಮಾನವನ್ನು ಹಾರಿಸಿದ್ದ ಕಾರ್ಖಾನೆಯೇ ಇವನ್ನೂ ಕಟ್ಟಿತು. ನಿಜಾಮನ ಹಣದ ವಿಮಾನಗಳು ಒಮ್ಮೆಯೂ ಬೀದರಕ್ಕೆ ಬೆಳಕು ತರಲಿಲ್ಲ. ಮೈಸೂರಿನ 25 ಲಕ್ಷದ ಫಲ ಭಾಲ್ಕಿ, ಔರಾದದ ಹೊಲಗಳ ಮೇಲೆ ಗುಡುಗಿಕೊಂಡು ಹೋಗುತ್ತಿದೆ.

ಇದರಿಂದ ಬೀಗಬೇಕಾಗಿಲ್ಲ. ಪರವಾನಗಿಯ ಮೇಲೆ ಕಟ್ಟಿದ ವಿಮಾನದ ಮೂಲ ನಕ್ಷೆ ಇನ್ನೊಬ್ಬರದೇ. ನಕ್ಷೆ ನೋಡಿ ಕಟ್ಟುವುದು ಒಂದು ವಿದ್ಯೆ. ನಕ್ಷೆ ಬರೆಯುವುದು ಅದಕ್ಕಿಂತ ದೊಡ್ಡ ವಿದ್ಯೆ. ಎಂಜಿನಿನ ಬಿಸಿ ಭಾಗಗಳ ಲೋಹವನ್ನು ಕರಗಿಸಿ ಅಚ್ಚಿಗೆ ಹೊಯ್ಯುವ ಗುಟ್ಟನ್ನು ಯಾವ ಮಿತ್ರನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ರೇಮಂಡನ ಕಾಲದಲ್ಲೂ ಗುಟ್ಟು ಇದ್ದದ್ದು ಸಾಂಚಾದಲ್ಲಿ, ಈಗಲೂ ಇರುವುದು ಸಾಂಚಾದಲ್ಲಿಯೇ.

ಆದ್ದರಿಂದ ಯಾವುದಾದರೂ ಶಸ್ತ್ರ ಒಪ್ಪಂದದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಎಷ್ಟು ವಿಮಾನ, ಎಷ್ಟು ಕೋಟಿ ಎಂಬ ಅಂಕಿಗಳನ್ನು ಓದಿ ಪುಟ ತಿರುವಬಾರದು. ಅದು ಕೆಟ್ಟರೆ ಎಲ್ಲಿ ಬಿಚ್ಚುತ್ತಾರೆ, ಬಿಚ್ಚುವ ಹಕ್ಕು ಯಾರದು, ಬಿಚ್ಚಿ ಕಲಿತವನು ನಾಳೆ ಹೊಸದನ್ನು ಮಾಡಲು ಯಾರ ಅಪ್ಪಣೆ ಕೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಉತ್ತರ ಸಮಾಧಾನಕರವಾಗಿದ್ದರೆ ಆ ಮಿತ್ರನ ಕೈ ಕುಲುಕಬಹುದು. ಇಲ್ಲದಿದ್ದರೆ ಅವನು ಕೊಟ್ಟ ತೋಪು, ಅವನು ಮುನಿಯುವ ದಿನದವರೆಗೆ ಮಾತ್ರ ತೋಪು.